ಲಾಂಚು, ದೋಸೆ, ಕನ್ನಡಕ

2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆ ಆಯ್ತಲ್ಲ, ಆವತ್ತು ರಾತ್ರಿ ಜೆ.ಪಿ. ನಗರದ ಮನೇಲಿ ಕೂತು ಟೀವಿ ನೋಡ್ತಿದ್ದೆ. ಪಕ್ಕದಲ್ಲಿ ಹುರುಳೀಕಾಯಿ ನಾರು ತೆಗೀತಾ ಕೂತಿದ್ದ ಅಮ್ಮ ಒಂದ್ಸಲ ತಲೆ ಎತ್ತಿ ನೋಡಿ, "ಇದು ನೀನು ಮೇಷ್ಟ್ರಾಗಿದ್ದ ಜಾಗ ಅಲ್ವೇನೋ? ಆವಾಗ್ಲೇ ಕಟ್ಟೋಕೆ ಏನಾಗಿತ್ತಂತೆ ಇವರಿಗೆ?" ಅಂದ್ಲು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ, ಕೆಳಗೆ ಶರಾವತಿ ಹಿನ್ನೀರು. ಕ್ಯಾಮೆರಾ ನೀರಿನ ಮೇಲೆ ಹೋದಾಗ ನಾನು ಹುಡುಕಿದ್ದು ಲಾಂಚನ್ನು. ಯಾಕೋ ಆ ಲಾಂಚಿನ ಜೊತೆಗೇ ಒಂದು ಕನ್ನಡಕವೂ ನೆನಪಾಯ್ತು. ಅದನ್ನ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ಹೆಂಡತಿಗೂ.

2006ರಲ್ಲಿ ನನಗೆ ಮೊದಲ ಪೋಸ್ಟಿಂಗ್ ಸಿಕ್ಕಿದ್ದು ಸಾಗರ ತಾಲ್ಲೂಕಿನ ತುಮರಿ ಕಡೆಯ ಒಂದು ಹೈಸ್ಕೂಲಿಗೆ, ಗಣಿತದ ಮೇಷ್ಟ್ರಾಗಿ. ಹುಟ್ಟಿ ಬೆಳೆದಿದ್ದು ರಾಗಿಗುಡ್ಡದ ಹಿಂದೆ. ಮಳೆ ಅಂದ್ರೆ ಸಂಜೆ ಒಂದು ಗಂಟೆ ಹೊಯ್ದು ನಿಲ್ಲೋದು ಅಂದ್ಕೊಂಡಿದ್ದವನು ನಾನು. ಅಲ್ಲಿ ಜೂನಲ್ಲಿ ಶುರುವಾದ್ರೆ ಕೊಡೆ ಒಣಗೋದೇ ಇಲ್ಲ. ಇಂಬಳ ಕಾಲಿಗೆ ಹತ್ತಿದ್ದು ಗೊತ್ತಾಗ್ತಿದ್ದಿದ್ದು ಚಾಕ್‌ಪೀಸ್ ಕೆಳಗೆ ಬಿದ್ದು ಬಗ್ಗಿದಾಗ!

ಆ ಜಾಗವನ್ನ ಎಲ್ಲರೂ ದ್ವೀಪ ಅಂತಾರೆ. ನಿಜ ಹೇಳ್ಬೇಕಂದ್ರೆ ಪೂರ್ತಿ ದ್ವೀಪ ಅಲ್ಲ, ಹಿಂದುಗಡೆಯಿಂದ ಕೊಲ್ಲೂರಿನ ಕಡೆಗೆ ರಸ್ತೆ ಇದೆ. ಆದ್ರೆ ಅವರ ಕೋರ್ಟು, ಕಚೇರಿ, ದೊಡ್ಡಾಸ್ಪತ್ರೆ ಎಲ್ಲ ಇರೋದು ಸಾಗರದಲ್ಲಿ. ಸಾಗರಕ್ಕೂ ಅವರಿಗೂ ಮಧ್ಯೆ 1964ರಲ್ಲಿ ಲಿಂಗನಮಕ್ಕಿ ಡ್ಯಾಮಿನ ನೀರು ಬಂದು ನಿಂತುಬಿಡ್ತು. ನೀರು ಬಂದಾಗ ಬಹಳಷ್ಟು ಜನ ಊರು ಬಿಟ್ಟು ಹೋದ್ರು, ಉಳಿದವರು ಗುಡ್ಡ ಹತ್ತಿದ್ರು. ನನ್ನ ಕ್ಲಾಸಿನ ಮಕ್ಕಳ ಅಜ್ಜಂದಿರ ಗದ್ದೆಗಳ ಮೇಲೇ ನಮ್ಮ ಲಾಂಚು ಓಡಾಡ್ತಿತ್ತು. ಆ ಕಡೆ ಹೊಳೆಬಾಗಿಲು, ಈ ಕಡೆ ಕಳಸವಳ್ಳಿ. ಬಸ್ಸು, ಕಾರು, ಬೈಕು, ಸಿಗಂದೂರಿನ ಭಕ್ತರು, ಅಡಿಕೆ ಮೂಟೆ ಎಲ್ಲ ಒಂದೇ ಲಾಂಚಲ್ಲಿ. ಸಂಜೆ ಕೊನೇ ಲಾಂಚು ಹೋಯ್ತು ಅಂದ್ರೆ ಮುಗೀತು. ಹೆರಿಗೆ ನೋವೋ, ಹಾವು ಕಚ್ಚಿದ್ದೋ, ಕತ್ತಲಾದ ಮೇಲೆ ಬಂದ್ರೆ ಆ ಜನ ಪಡ್ತಿದ್ದ ಪಾಡು ನಾನು ಕಣ್ಣಾರೆ ನೋಡಿದ್ದೀನಿ.

ಜಪಾನಿನಲ್ಲಿ 1987ರಿಂದ ಜೆಟ್ ಅಂತ ಒಂದು ಯೋಜನೆ ಇದೆ. ಹೊರದೇಶದ ಹುಡುಗ ಹುಡುಗಿಯರನ್ನ ಇಂಗ್ಲಿಷ್ ಪಾಠಕ್ಕೆ ಅಂತ ಕರೆಸ್ಕೋತಾರೆ. ಕೆಲವರಿಗೆ ಟೋಕಿಯೋ ಕನಸು ಕಾಣ್ತಾ ಹೋದ್ರೆ ಸಿಗೋದು ಸಮುದ್ರದ ಮಧ್ಯದ ಯಾವುದೋ ಪುಟ್ಟ ದ್ವೀಪ. ವಾರಾಂತ್ಯಕ್ಕೆ ಪೇಟೆಗೆ ಹೋಗ್ಬೇಕಂದ್ರೆ ಹಡಗಿನ ವೇಳಾಪಟ್ಟಿ ಹಿಡ್ಕೊಂಡು ಕೂರ್ಬೇಕು, ಗಾಳಿ ಎದ್ರೆ ಅದೂ ಇಲ್ಲ. ಅವರ ಬಗ್ಗೆ ಎಲ್ಲಾದ್ರೂ ಓದಿದಾಗೆಲ್ಲ ನಗು ಬರತ್ತೆ. ನಾನು ಅದೇ ರಾಜ್ಯದವನು, ಅದೇ ಭಾಷೆಯವನು, ಆದ್ರೂ ಅಲ್ಲಿ ಮೂರು ವರ್ಷವೂ ನನ್ನ ಹೆಸರು "ಬೆಂಗ್ಳೂರು ಮೇಷ್ಟ್ರು" ಅಂತಲೇ. ಬೆಂಗಳೂರಿಗೆ ಬಂದ್ರೆ ಚಿಕ್ಕಮ್ಮನ ಮನೆಯವರಿಗೆ ನಾನು "ಕಾಡಲ್ಲಿರೋನು" :-)

ನನ್ನ ವೀಕೆಂಡ್ ಲೆಕ್ಕ ಹೀಗೆ. ಶನಿವಾರ ಬೆಳಗಿನ ಶಾಲೆ. ಹನ್ನೊಂದೂವರೆಗೆ ಬೆಲ್ ಹೊಡೆದ್ರೆ ಓಡಿ ಬಸ್ಸು, ಲಾಂಚು, ಆವಿನಹಳ್ಳಿ ಮೇಲೆ ಸಾಗರ. ಅಲ್ಲಿ ಸಂಜೆಯೆಲ್ಲ ಕಾದು ರಾತ್ರಿ ಬಸ್ಸು. ಭಾನುವಾರ ಬೆಳಗ್ಗೆ ಐದೂವರೆಗೆ ಮೆಜೆಸ್ಟಿಕ್. ಅದೇ ರಾತ್ರಿ ಒಂಬತ್ತೂವರೆಗೆ ಮತ್ತೆ ಮೆಜೆಸ್ಟಿಕ್ಕಿನಿಂದ ವಾಪಸ್. ಸೋಮವಾರ ಬೆಳಗ್ಗೆ ಸಾಗರದಲ್ಲಿ ಮುಖ ತೊಳೆದು, ಲಾಂಚು ಹಿಡಿದು, ಪ್ರಾರ್ಥನೆಗೆ ಸರಿಯಾಗಿ ಶಾಲೆ. ಎರಡು ರಾತ್ರಿ ಸೀಟಲ್ಲಿ ಕೂತು ಕಳೆದ್ರೆ ಸಿಗೋದು ಹದಿನಾರು ಗಂಟೆ. ತಿಂಗಳಿಗೊಮ್ಮೆ, ತಪ್ಪಿದ್ರೆ ಎರಡು ತಿಂಗಳಿಗೊಮ್ಮೆ. ಆ ಹದಿನಾರು ಗಂಟೆಗೋಸ್ಕರ ನಾನು ಏನು ಬೇಕಾದ್ರೂ ಮಾಡ್ತಿದ್ದೆ.

2008ರ ಫೆಬ್ರವರಿ. ಸೋಮವಾರದಿಂದ ಹತ್ತನೇ ಕ್ಲಾಸಿಗೆ ಪ್ರಿಪರೇಟರಿ ಪರೀಕ್ಷೆ, ಮೊದಲ ದಿನವೇ ಗಣಿತ. ಶುಕ್ರವಾರ ಸಂಜೆ ಒಬ್ಬಳು ಹುಡುಗಿ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ್ಲು. ಕರ್ಚೀಫಲ್ಲಿ ಸುತ್ತಿದ ಕನ್ನಡಕ. ಕೊಟ್ಟಿಗೇಲಿ ಕರು ತಲೆ ಕೊಡವಿದ್ದಕ್ಕೆ ಕೆಳಗೆ ಬಿದ್ದು ಒಂದು ಗಾಜು ಬಿರುಕು ಬಿಟ್ಟಿತ್ತು, ಫ್ರೇಮಿನ ಕಡ್ಡಿ ಮುರಿದಿತ್ತು. ಡಾಕ್ಟರು ಬರೆದುಕೊಟ್ಟಿದ್ದ ಪವರ್ ಚೀಟಿ ನಾಲ್ಕು ಮಡಿಕೆ ಮಡಿಸಿ ಜೊತೆಗೇ ಇಟ್ಟಿದ್ಲು. ಅವಳಪ್ಪ ಅಡಿಕೆ ತೋಟದ ಕೂಲಿ, ಸಾಗರಕ್ಕೆ ಹೋಗಿ ಬರೋದಂದ್ರೆ ಒಂದು ದಿನದ ದುಡಿಮೆ ಹೋದ ಹಾಗೆ.

"ಸಾರ್, ನೀವು ಬೆಂಗ್ಳೂರಿಗೆ ಹೋಗ್ತೀರಂತಲ್ಲ... ಪರೀಕ್ಷೆಗೆ ಮೊದ್ಲೇ ಸಿಗತ್ತಾ?"

ನಾನು ಏನಂದೆ ಗೊತ್ತಾ? "ಅಯ್ಯೋ, ನಮ್ಮ ಜಯನಗರ ಫೋರ್ತ್ ಬ್ಲಾಕಲ್ಲಿ ಒಂದು ಗಂಟೇಲಿ ಹಾಕ್ಕೊಡ್ತಾರೆ ಕಣಮ್ಮ. ಸೋಮವಾರ ಬೆಳಗ್ಗೆ ನಿನ್ನ ಕೈಲಿರತ್ತೆ." ಅದನ್ನ ಹೇಳುವಾಗ ನನಗಿದ್ದ ಜಂಬ ಈಗಲೂ ಕಿವೀಲಿ ಕೇಳ್ಸತ್ತೆ. ಅವಳು ಐವತ್ತರ ಎರಡು ನೋಟು ಕೊಟ್ಲು. ಬೇಡ ಅಂದ್ರೂ ಬಿಡಲಿಲ್ಲ.

ಭಾನುವಾರ ಬೆಳಗ್ಗೆ ಮನೆಗೆ ಬಂದೆ. ಅಮ್ಮ ಬಾಗಿಲು ತೆಗೆದವಳೇ "ಎಷ್ಟು ಕರ್ರಗಾಗಿದೀಯೋ" ಅಂದ್ಲು, ಪ್ರತಿ ಸಲದ ಹಾಗೆ. ಗೀಸರಿನ ಬಿಸಿನೀರಲ್ಲಿ ಅರ್ಧ ಗಂಟೆ ಸ್ನಾನ. ಆಮೇಲೆ ತಮ್ಮನ ಜೊತೆ ಹೋಗಿ ಮಸಾಲೆ ದೋಸೆ, ಒಂದಲ್ಲ ಎರಡು, ಅದರ ಮೇಲೆ ಕಾಫಿ. ಆ ದಿನದ ಪೇಪರನ್ನ ಆ ದಿನ ಬೆಳಗ್ಗೆಯೇ ಓದೋ ಸುಖ ನಿಮಗೆ ಗೊತ್ತಿರಲ್ಲ ಬಿಡಿ, ನಮಗಲ್ಲಿ ಪೇಪರು ಲಾಂಚು ದಾಟಿ ಬರಬೇಕಿತ್ತು. ಹತ್ತು ಗಂಟೆಗೆ ದಾರೀಲೇ ಇದ್ದ ಫೋರ್ತ್ ಬ್ಲಾಕಿಗೆ ಹೋಗಬಹುದಿತ್ತು. ಕನ್ನಡಕ ಬ್ಯಾಗಲ್ಲಿತ್ತು, ಬ್ಯಾಗು ಮನೇಲಿತ್ತು. "ಮಧ್ಯಾಹ್ನ ಹೋದ್ರಾಯ್ತು" ಅಂತ ಬಂದು ಮಲಗಿದೆ. ಅಬ್ಬಾ, ಆ ನಿದ್ದೆ! ಫ್ಯಾನಿನ ಸದ್ದು, ಬೀದೀಲಿ ಸೊಪ್ಪಿನವಳ ಕೂಗು, ಎದುರುಮನೆಯ ರೇಡಿಯೋ. ಎರಡು ಗಂಟೆಗೆ ಅಮ್ಮ ಊಟಕ್ಕೆ ಎಬ್ಬಿಸಿದ್ಲು. ಊಟ ಆಗೋಷ್ಟರಲ್ಲಿ ಚಿಕ್ಕಮ್ಮ ಬಂದ್ರು, ಯಾವುದೋ ಹುಡುಗಿ ಜಾತಕ ತಂದಿದ್ರು. ಹುಡುಗಿ ಕಡೆಯವರು "ಹುಡುಗ ಬೆಂಗಳೂರಿಗೆ ಟ್ರಾನ್ಸ್‌ಫರ್ ಮಾಡಿಸ್ಕೋತಾನಾ?" ಅಂತ ಕೇಳಿದ್ರಂತೆ. ಅಮ್ಮ ನನ್ನ ಮುಖ ನೋಡಿದ್ಲು, ನಾನು ಮಜ್ಜಿಗೆ ನೋಡಿದೆ.

ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿನ ಹತ್ತಿರ ಹೋದಾಗ ನಾಲ್ಕೂವರೆ. ಚಿಕ್ಕಂದಿನಿಂದ ಗೊತ್ತಿದ್ದ ಕನ್ನಡಕದ ಅಂಗಡಿ. ಶಟರ್ ಎಳೆದಿತ್ತು. ಬೋರ್ಡಿನ ಕೆಳಗೆ ಪುಟ್ಟ ಅಕ್ಷರದಲ್ಲಿ, ಭಾನುವಾರ ಮಧ್ಯಾಹ್ನ ಒಂದರವರೆಗೆ ಮಾತ್ರ.

ಹೊಟ್ಟೇಲಿ ಏನೋ ಜಾರಿದ ಹಾಗಾಯ್ತು. ಇನ್ನೊಂದು ಅಂಗಡಿ, ಮತ್ತೊಂದು. ಬನಶಂಕರಿವರೆಗೂ ತಮ್ಮನ ಸ್ಕೂಟರಲ್ಲಿ ಹೋದ್ವಿ. ತೆಗೆದಿದ್ದ ಒಂದೇ ಒಂದು ಕಡೆ ಹುಡುಗ ಚೀಟಿ ನೋಡಿ, "ಸರ್, ಇದು ಸಿಲಿಂಡ್ರಿಕಲ್ ಪವರು, ರೆಡಿ ಇರಲ್ಲ. ಬೆಳಗ್ಗೆ ಬಂದಿದ್ರೆ ಲ್ಯಾಬಿಂದ ಇವತ್ತೇ ತರಿಸಬಹುದಿತ್ತು. ಈಗ ಎರಡು ದಿನ" ಅಂದ. ಬೆಳಗ್ಗೆ ಬಂದಿದ್ರೆ!

ಅಲ್ಲೇ ಕೊಟ್ಟು ಬಂದ್ವಿ. ವಾಪಸ್ ಬರ್ತಾ ಫೋರ್ತ್ ಬ್ಲಾಕಲ್ಲಿ ದೀಪ ಹತ್ತಿತ್ತು. ಭಾನುವಾರದ ಜನಜಾತ್ರೆ, ಹೂವು, ಜೋಳ ಸುಡೋ ವಾಸನೆ, ಸೀರೆ ಅಂಗಡಿಗಳ ಝಗಮಗ. ನಮ್ಮಪ್ಪ ಬದುಕಿದ್ದಾಗ ಕರೆಂಟು ಹೋದಾಗೆಲ್ಲ "ಶರಾವತಿ ಇಲ್ದಿದ್ರೆ ಬೆಂಗಳೂರೆಲ್ಲಿ" ಅನ್ನೋರು. ಶರಾವತಿ ವಿದ್ಯುದಾಗಾರದ ಹತ್ತು ಘಟಕ ಸೇರಿ 1035 ಮೆಗಾವಾಟ್, ಜಿ.ಕೆ. ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದೆ. ಅದಕ್ಕೆ ನೀರು ಹೋಗೋದು ನಾವು ದಾಟೋ ಲಿಂಗನಮಕ್ಕಿಯಿಂದಲೇ. ಆವತ್ತು ಆ ದೀಪಗಳು ಕಣ್ಣಿಗೆ ಚುಚ್ಚಿದ್ವು. ಬಸ್ಸಲ್ಲಿ ನಿದ್ದೆ ಬರಲಿಲ್ಲ, ಹಗಲೇ ಮಾಡಿಬಿಟ್ಟಿದ್ದೆನಲ್ಲ.

ಸೋಮವಾರ ಬೆಳಗ್ಗೆ ಕಳಸವಳ್ಳಿ ದಡದಲ್ಲೇ ಅವಳು ನಿಂತಿದ್ಲು. ಶಾಲೆಗೆ ಬರೋವರೆಗೂ ಕಾಯೋಕಾಗಿಲ್ಲ ಪಾಪ. ಲಾಂಚಿಂದ ಇಳೀತಿದ್ದವರಲ್ಲಿ ನಾನು ಯಾರು ಅಂತ ಗೊತ್ತಾಗದೆ ಕಣ್ಣು ಕಿರಿದು ಮಾಡಿ ಒಬ್ಬೊಬ್ಬರನ್ನೇ ನೋಡ್ತಿದ್ಲು. ನಾನೇ ಹತ್ತಿರ ಹೋದೆ.

"ಅಂಗಡಿ ಬಾಗಿಲು ಹಾಕಿತ್ತಮ್ಮ" ಅಂದೆ.

"ಹೌದಾ ಸಾರ್. ಭಾನುವಾರ ಅಲ್ವಾ, ಪರವಾಗಿಲ್ಲ" ಅಂದ್ಲು. ಬಾಗಿಲು ಹಾಕಿತ್ತು ಅನ್ನೋದು ಸುಳ್ಳಲ್ಲ. ಆದ್ರೆ ಎಷ್ಟು ಗಂಟೆಗೆ ಹೋದೆ ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೆಡ್‌ಮಾಸ್ಟರಿಗೆ ಹೇಳಿ ಅವಳನ್ನ ಕಿಟಕಿ ಪಕ್ಕ ಕೂರಿಸಿದ್ವಿ. ಪ್ರಶ್ನೆಪತ್ರಿಕೆಯನ್ನ ನಾನೇ ದೊಡ್ಡ ಅಕ್ಷರದಲ್ಲಿ ನಾಲ್ಕು ಹಾಳೆಗೆ ಬರೆದುಕೊಟ್ಟೆ. ಗ್ರಾಫ್ ಹಾಳೆಯ ಸಣ್ಣ ಚೌಕ ಮಾತ್ರ ಏನು ಮಾಡೋದು? ಮೂಗು ತಾಗೋ ಹಾಗೆ ಬಗ್ಗಿ ಬಿಂದು ಇಡ್ತಿದ್ಲು. ಉತ್ತರಪತ್ರಿಕೆ ತಿದ್ದಿದವನೂ ನಾನೇ. ಗ್ರಾಫಿನಲ್ಲಿ ಎರಡು ಬಿಂದು ಒಂದೊಂದು ಚೌಕ ಆಚೆ ಹೋಗಿತ್ತು. ಪೂರ್ತಿ ಮಾರ್ಕ್ಸ್ ಕೊಟ್ಟೆ. ಅದು ಸರಿಯೋ ತಪ್ಪೋ ನೀವೇ ಹೇಳಿ.

ಕನ್ನಡಕ ಗುರುವಾರ ಬಂತು. ತಮ್ಮ ರಾತ್ರಿ ಬಸ್ಸಲ್ಲಿ ಸಾಗರಕ್ಕೆ ಬರ್ತಿದ್ದ ಗೆಳೆಯನ ಕೈಲಿ ಕೊಟ್ಟು, ಅವನು ತುಮರಿ ಬಸ್ಸಿನ ಕಂಡಕ್ಟರಿಗೆ ಕೊಟ್ಟು, ಅದು ಲಾಂಚಲ್ಲಿ ದಾಟಿ ಬಂತು. ಅವಳು ಹಾಕ್ಕೊಂಡು ಹೊರಗೆ ಗುಡ್ಡದ ಕಡೆ ನೋಡಿದ್ಲು, ಆಮೇಲೆ ನನ್ನ ಕಡೆ ನೋಡಿದ್ಲು. ನಾನು ಹಾಜರಿ ಪುಸ್ತಕ ತೆಗೆದೆ.

"ಸಾರ್, ಫ್ರೇಮ್ ಸ್ವಲ್ಪ ದೊಡ್ಡದಾಯ್ತು" ಅಂದ್ಲು. ಮಾರನೇ ದಿನ ಎರಡೂ ಕಡ್ಡಿಗೆ ಕಪ್ಪು ದಾರ ಕಟ್ಟಿ ತಲೆ ಹಿಂದೆ ಗಂಟು ಹಾಕ್ಕೊಂಡು ಬಂದಿದ್ಲು.