ಪೊಳಲಿಯಲ್ಲಿ ಕೇಳಿದ ಸುದ್ದಿ

ಪೊಳಲಿ ಜಾತ್ರೆ ಯಾವತ್ತು ಮುಗಿಯುತ್ತದೆ ಅಂತ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಮಾರ್ಚ್ ಮಧ್ಯದ ಮೀನ ಸಂಕ್ರಮಣದ ಹೊತ್ತಿಗೆ ರಾಜರಾಜೇಶ್ವರಿಯ ಸನ್ನಿಧಿಯಲ್ಲಿ ಧ್ವಜ ಏರುತ್ತದೆ. ಮರುದಿನ ‘ಕುದಿ’ ಕರೆಯುತ್ತಾರೆ. ಅಂದರೆ, ಈ ವರ್ಷದ ಜಾತ್ರೆ ಇಷ್ಟು ದಿನ ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳುತ್ತಾರೆ. ದಿನ ನಿಗದಿ ಮಾಡಿ ಕೊಡುವವರು ನಮ್ಮ ಮೂಡುಬಿದಿರೆ ಹತ್ತಿರದ ಪುತ್ತಿಗೆಯ ಜೋಯಿಸರು. ಸುಮಾರು ಒಂದು ತಿಂಗಳು ಅಂತ ಊರಿಗೆಲ್ಲ ಗೊತ್ತು. ಆದರೆ ಚೆಂಡು ಯಾವತ್ತು, ತೇರು ಯಾವತ್ತು ಎನ್ನುವುದು ಕುದಿ ಕರೆದ ಮೇಲೆಯೇ. ಬೊಂಬಾಯಿಯಲ್ಲಿರುವವರು ರಜೆಗೆ ಅರ್ಜಿ ಹಾಕುವುದೂ ಆಮೇಲೆಯೇ.

2025ರ ಮಾರ್ಚಿನಲ್ಲಿ ಅಮ್ಮ, “ಈ ಸಲ ಕುದಿ ಕೇಳ್ಲಿಕ್ಕೆ ನಾವೇ ಹೋಗುವ” ಅಂದರು.

“ಅದೆಲ್ಲ ವಾಟ್ಸಾಪಲ್ಲಿ ಬರ್ತದಲ್ಲ ಅಮ್ಮ” ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಅಮ್ಮ ನನ್ನನ್ನು ಒಮ್ಮೆ ನೋಡಿದರು, ಮಾತಾಡಲಿಲ್ಲ. ಆ ನೋಟದ ಅರ್ಥ ನಿಮಗೆ ಹೇಳಬೇಕಾದರೆ ಏಳು ತಿಂಗಳು ಹಿಂದಕ್ಕೆ ಹೋಗಬೇಕು.

ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಪೊಳಲಿಯಲ್ಲಿದ್ದರು. 2024ರ ಆಗಸ್ಟಿನಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಸೋಮವಾರ ನೋಡಿ ಬರುವುದು ಅಂತ ಅಮ್ಮ ಪತ್ರೊಡೆ ಮಾಡಿ ಡಬ್ಬಿಗೆ ತುಂಬಿಸಿ ಇಟ್ಟಿದ್ದರು. ಬೆಳಿಗ್ಗೆ ಚಾ ಕುಡಿಯುತ್ತಾ ಫೋನ್ ತೆಗೆದೆ. ‘ಪೊಳಲಿ ಸೇತುವೆ ಬಂದ್’ ಅಂತ ಒಂದು ಸಾಲು ಮೇಲಿನಿಂದ ಇಳಿದು ಮಾಯವಾಯಿತು. ಅದರ ಬೆನ್ನಿಗೇ ಸಂಬಂಧಿಕರ ಗ್ರೂಪಿನಲ್ಲಿ ಒಂದು ವೀಡಿಯೊ: ಕೆಂಪು ನೀರು, ನಡುವೆ ಮುರಿದು ಬಿದ್ದ ಸೇತುವೆ. ಕೆಳಗೆ ಮೂರು ಜನ ಕೈ ಮುಗಿದಿದ್ದರು. ನಾನೂ ಕೈ ಮುಗಿದು, ಇನ್ನೊಂದು ಗ್ರೂಪಿಗೆ ಕಳಿಸಿ, “ಅಮ್ಮ, ಅಡ್ಡೂರು ಸೇತುವೆ ಬಿದ್ದಿದೆಯಂತೆ, ಇವತ್ತು ಹೋಗ್ಲಿಕ್ಕಾಗುದಿಲ್ಲ” ಅಂದೆ. ಇಷ್ಟಕ್ಕೆಲ್ಲ ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಆಮೇಲೆ ದೋಸೆ ಹೊಯ್ಯಲಿಕ್ಕೆ ಹೋದೆ.

ಸೇತುವೆ ಬಿದ್ದಿರಲಿಲ್ಲ. ಕಂಬಗಳು ದುರ್ಬಲವಾಗಿವೆ ಅಂತ ಘನ ವಾಹನಗಳನ್ನು ಮಾತ್ರ ನಿಲ್ಲಿಸಿದ್ದರು. ಕಾರು, ಸ್ಕೂಟರು, ರಿಕ್ಷಾ ಎಲ್ಲ ಹೋಗುತ್ತಿದ್ದವು. ವೀಡಿಯೊದಲ್ಲಿದ್ದದ್ದು ಮೂಲರಪಟ್ಣದ ಸೇತುವೆ. ಅದು ಇದೇ ಫಲ್ಗುಣಿಗೆ ಮೇಲುಭಾಗದಲ್ಲಿ ಕಟ್ಟಿದ್ದ ಸೇತುವೆ, ಕುಸಿದದ್ದು 2018ರ ಜೂನಿನಲ್ಲಿ! ಆಗ ಅದನ್ನು ನಾನು ಪೇಪರಿನಲ್ಲಿ ಓದಿದ್ದೆ, ಫೋಟೊ ನೋಡಿದ್ದೆ. ಆದರೂ ಗುರುತು ಸಿಗಲಿಲ್ಲ. ಫೋನಿನ ಅಂಗೈಯಗಲದ ಚಿತ್ರದಲ್ಲಿ ಎಲ್ಲ ಸೇತುವೆಯೂ ಒಂದೇ, ಎಲ್ಲ ಹೊಳೆಯೂ ಕೆಂಪೇ.

ಗುರುವಾರ ಮೀನಿನವನು ಗೇಟಿನಲ್ಲಿ ನಿಂತು, “ಯಾರು ಹೇಳಿದ್ದು ಅಕ್ಕ? ನಾನು ನಿನ್ನೆ ಅದರ ಮೇಲೇ ಬಂದದ್ದು” ಅಂದಾಗ ಗೊತ್ತಾಯಿತು. ಕೂಡಲೇ ಹೊರಟೆವು. ಅಷ್ಟರಲ್ಲಿ ದೊಡ್ಡಮ್ಮನನ್ನು ಪುನಃ ಆಸ್ಪತ್ರೆಗೆ ಸೇರಿಸಿ ಆಗಿತ್ತು. ಮಾತು ನಿಂತಿತ್ತು. ಸೋಮವಾರ ಇಡೀ ದಿನ ಜಗಲಿಯಲ್ಲಿ ಕೂತು ದಾರಿ ನೋಡಿದ್ದರು ಅಂತ ಅತ್ತಿಗೆ ಹೇಳಿದರು. ನವರಾತ್ರಿಗೆ ಮೊದಲೇ ದೊಡ್ಡಮ್ಮ ಹೋದರು.

ಅಮ್ಮ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆದಿತ್ತು.

ಮಗಳು ಒಂದು ದಿನ ನನ್ನ ಫೋನ್ ತೆಗೆದು ಆ ವೀಡಿಯೊ ತೋರಿಸಿದಳು. ಮೇಲೆ ಸಣ್ಣದಾಗಿ ಎರಡು ಬಾಣದ ಗುರುತು ಇತ್ತು. ನಮಗೆ ಬರುವ ಮೊದಲೇ ಐದೋ ಅದಕ್ಕಿಂತ ಹೆಚ್ಚೋ ಕೈ ದಾಟಿ ಬಂದದ್ದಕ್ಕೆ ವಾಟ್ಸಾಪಿನವರು ಹಾಗೆ ಗುರುತು ಹಾಕುತ್ತಾರಂತೆ. 2019ರಿಂದ ಉಂಟಂತೆ. ಐದು ವರ್ಷ ದಿನಾ ನೋಡಿದ್ದೇನೆ, ಅದೇನು ಅಂತ ಕೇಳಿದವಳಲ್ಲ. ಬೆಳಿಗ್ಗೆ ಅರ್ಧ ಗಂಟೆ ಫೋನಿನಲ್ಲಿ ಸುದ್ದಿ ನೋಡಿದ್ದರೂ ಮಧ್ಯಾಹ್ನ ಅಮ್ಮ “ಎಂತ ಸುದ್ದಿ ಇವತ್ತು?” ಅಂತ ಕೇಳಿದರೆ ತಡಕಾಡುತ್ತೇನೆ. ಅಮ್ಮ ಓದುವುದು ಒಂದೇ ಪೇಪರು, ಅದೂ ಭೂತಗನ್ನಡಿ ಹಿಡಿದು. ಆದರೆ ಯಾವ ಊರು, ಯಾವ ದಿನ, ಎಷ್ಟು ಜನ ಅಂತ ವಾರ ಕಳೆದರೂ ಹೇಳುತ್ತಾರೆ. ಫೋನನ್ನೇ ದೂರಲಿಕ್ಕೂ ಮನಸ್ಸಿಲ್ಲ. ಅದೇ ಬೆಳಿಗ್ಗೆ ಆ ಸಾಲನ್ನು ಒತ್ತಿ ಒಳಗೆ ಹೋಗಿದ್ದರೆ ‘ಘನ ವಾಹನ’ ಅನ್ನುವ ಶಬ್ದ ಅಲ್ಲೇ ಇತ್ತು.

ಇಷ್ಟೆಲ್ಲ ಆದದ್ದರಿಂದ ಮಾರ್ಚಿನಲ್ಲಿ ನಾನು ಮರುಮಾತಾಡದೆ ಕಾರು ತೆಗೆದೆ. ಮೂಡುಬಿದಿರೆ ಬಿಟ್ಟು ಮಿಜಾರು ಬಂದಾಗ ಅಮ್ಮ ಎಂದಿನಂತೆ, “ಪೊಳಲಿ ಚೆಂಡು ಹೊಲಿಯುದು ಇಲ್ಲಿ” ಅಂದರು. ನಿಜ, ಜಾತ್ರೆಯಲ್ಲಿ ಐದು ದಿನ ಆಡುವ ಆ ದೊಡ್ಡ ತೊಗಲಿನ ಚೆಂಡು ಮಿಜಾರಿನದ್ದೇ. ಎಡಪದವು, ಗಂಜಿಮಠ ದಾಟಿ ಕೈಕಂಬದಲ್ಲಿ ಹೆದ್ದಾರಿ ಬಿಟ್ಟು ತಿರುಗಿದರೆ ಅಡ್ಡೂರು. ಸೇತುವೆ ಬಂದಾಗ ಗಾಡಿ ನಿಧಾನ ಮಾಡಿದೆ. ಬೇಸಗೆಯ ಫಲ್ಗುಣಿ ತೆಳ್ಳಗೆ ಹಸಿರಾಗಿ ಮಲಗಿತ್ತು. ಅಮ್ಮ ಕಿಟಕಿಯ ಗಾಜು ಇಳಿಸಿ ನೀರನ್ನೇ ನೋಡುತ್ತಿದ್ದರು. ನಾನು ರಸ್ತೆ ನೋಡಿದೆ.

ದೇವಸ್ಥಾನದ ಎದುರು ಬಚ್ಚಂಗಾಯಿಯ ರಾಶಿ ಆಗಲೇ ಬಿದ್ದಿತ್ತು. ಪೊಳಲಿ ಜಾತ್ರೆಗೆ ಹೋದವರು ಕಲ್ಲಂಗಡಿ ತಾರದೆ ಮನೆಗೆ ಬಂದರೆ ಹೋದ ಲೆಕ್ಕಕ್ಕೇ ಇಲ್ಲ. ಒಳಗೆ ಹೋಗಿ ಆಳೆತ್ತರದ ಅಮ್ಮನವರ ಎದುರು ನಿಂತೆವು. ಕಲ್ಲಿನದ್ದಲ್ಲ, ಮಣ್ಣಿನ ಮೂರ್ತಿ. ಸಣ್ಣವಳಿದ್ದಾಗ ಆ ಕಣ್ಣು ನೋಡಿ ದೊಡ್ಡಮ್ಮನ ಸೀರೆಯೊಳಗೆ ಅಡಗುತ್ತಿದ್ದೆ.

ಹೊರಗೆ ನೆರಳಲ್ಲಿ ಕಾಯುತ್ತಿದ್ದಾಗ ಫೋನ್ ಟಿಣ್ ಅಂದಿತು. ಗ್ರೂಪಿನಲ್ಲಿ ಒಂದು ಚಂದದ ಚಿತ್ರ: ಪೊಳಲಿ ಜಾತ್ರೆ ಇಷ್ಟು ದಿನ, ತೇರು ಇಂಥಾ ದಿನ. ಕುದಿ ಇನ್ನೂ ಕರೆದೇ ಇರಲಿಲ್ಲ! ಅಮ್ಮನಿಗೆ ತೋರಿಸಿದೆ.

“ಯಾವ ವರ್ಷದ್ದು?”

ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇಸವಿ ಇತ್ತು. ಹಿಂದಿನ ವರ್ಷದ್ದು. ‘ಇದು ಹಳತು’ ಅಂತ ಗ್ರೂಪಿನಲ್ಲಿ ಬರೆದೆ. ಅಷ್ಟರೊಳಗೆ ಇಬ್ಬರು ಕೈ ಮುಗಿದಾಗಿತ್ತು.

ಸ್ವಲ್ಪ ಹೊತ್ತಿನಲ್ಲಿ ಗದ್ದಲ ನಿಂತಿತು. ಕೂಗು ಎದ್ದಿತು. ಅಮ್ಮ ಬಲಗಿವಿಗೆ ಕೈ ಅಡ್ಡ ಹಿಡಿದು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಪಕ್ಕದಲ್ಲಿದ್ದ ಅಜ್ಜನ ಹತ್ತಿರ ದಿನ ಎಷ್ಟು ಅಂತ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಬೆರಳು ಮಡಚಿ ಚೆಂಡಿನ ದಿನ, ತೇರಿನ ದಿನ ಎಣಿಸಿದರು. ಆಮೇಲೆ ನನ್ನ ಫೋನಿಗೆ ಕೈ ಚಾಚಿದರು.

“ಬೊಂಬಾಯಿಗೆ ಮಾಡಿಕೊಡು.”

ಮಾವ ಆ ಕಡೆ ಹಲೋ ಅಂದದ್ದೇ ತಡ, ಅಮ್ಮ ಜೋರಾಗಿ ಶುರುಮಾಡಿದರು: “ನಾನು ಪೊಳಲಿಯಿಂದ ಮಾತಾಡುದು. ಈಗಷ್ಟೇ ಕುದಿ ಕರೆದ್ರು. ನನ್ನ ಕಿವಿಯಲ್ಲೇ ಕೇಳಿದ್ದು. ಪೆನ್ನು ಉಂಟಾ? ಬರ್ಕೊ.”