ಹೊರೆಗೊಂದು ಮೇರೆ

ಮಂಡ್ಯದ ಸೀಮೆಯಲ್ಲಿ ಕಬ್ಬು ಕಡಿಯುವ ಕಾಲ ಬಂತೆಂದರೆ ರಸ್ತೆಯ ಮೇಲೆ ಹಸುರು ಗೋಡೆಗಳು ನಡೆದಾಡತೊಡಗುತ್ತವೆ. ಅಂಥದೊಂದು ಗೋಡೆಯ ಹಿಂದೆ ನನ್ನ ಸ್ಕೂಟರು ಸಿಕ್ಕಿಕೊಂಡು, ಮೊದಲನೆಯ ಪಿರಿಯಡ್ಡಿಗೆ ತಡವಾಗಿ ವಿದ್ಯಾರ್ಥಿಗಳ ನಗೆಗೆ ಗುರಿಯಾದದ್ದು ಎಷ್ಟು ಸಲವೋ! ಆ ಗೋಡೆಯನ್ನು ಎಳೆಯುವ ಟ್ರ್ಯಾಕ್ಟರಿನ ಬಗೆಗೆ ಮಾತ್ರ ನಾನೆಂದೂ ಯೋಚಿಸಿರಲಿಲ್ಲ.

ಕಳೆದ ಸುಗ್ಗಿಯಲ್ಲಿ ಊರಿಗೆ ಹೋಗಿದ್ದೆ. ದೊಡ್ಡಪ್ಪನ ಮಗ ಮೂವತ್ತೈದು ಕುದುರೆ ಶಕ್ತಿಯ ಹಳೆಯ ಟ್ರ್ಯಾಕ್ಟರೊಂದನ್ನು ಕೊಂಡಿದ್ದ. ಅದಕ್ಕೆ ಕಬ್ಬು ತುಂಬಿದ ಎರಡು ಟ್ರೈಲರುಗಳನ್ನು ಒಂದರ ಹಿಂದೊಂದು ಕಟ್ಟಿದ್ದ.

"ಒಂದು ಸಲದ ಡೀಸೆಲ್ ಉಳಿಯುತ್ತಲ್ಲ, ಅಣ್ಣ?" ಎಂದ. ಲೆಕ್ಕ ನನಗೂ ಸರಿಯೆನಿಸಿತು.

ಜಗಲಿಯ ಮೇಲಿದ್ದ ದೊಡ್ಡಪ್ಪ ನಿಧಾನವಾಗಿ ಕೇಳಿದರು: "ಎಳೀತದೆ ಕಣಪ್ಪ. ಕೆರೆ ಏರಿ ಇಳಿಯೋವಾಗ ಹಿಡಿದು ನಿಲ್ಲಿಸ್ತದಾ?"

ನಮ್ಮಿಬ್ಬರಲ್ಲಿ ಉತ್ತರವಿರಲಿಲ್ಲ. ಟ್ರೈಲರುಗಳಿಗೆ ಬ್ರೇಕಿಲ್ಲ. ಸುಮಾರು ಎರಡು ಟನ್ ತೂಗುವ ಟ್ರ್ಯಾಕ್ಟರು ಹತ್ತು ಟನ್ನಿಗೂ ಮಿಕ್ಕ ಕಬ್ಬನ್ನು ತಡೆಯಬೇಕು. ಏರಿನಲ್ಲಿ ಹಿಂದಕ್ಕೆ ಜಗ್ಗುವ ಹೊರೆಯೇ ಇಳಿಜಾರಿನಲ್ಲಿ ಮುಂದಕ್ಕೆ ದೂಡುತ್ತದೆ. ತಿರುವಿನಲ್ಲಿ ಎಳೆಯುವ ಬಂಡಿಯನ್ನೇ ಅಡ್ಡಕ್ಕೆ ತಿರುಗಿಸಿಬಿಡುತ್ತದೆ. ಹೇರುವ ಕ್ರಮ ತಪ್ಪಿದರೂ ಕೇಡೇ: ಭಾರ ಮುಂದಾದರೆ ಕೊಂಡಿಯ ಮೇಲೆ ಒತ್ತಡ ಬಿದ್ದು ಟ್ರ್ಯಾಕ್ಟರಿನ ಮುಂಗಾಲಿ ಹಗುರವಾಗುತ್ತದೆ, ಸ್ಟೀರಿಂಗು ಮಾತು ಕೇಳುವುದಿಲ್ಲ, ಹಿಂದಾದರೆ ಟ್ರೈಲರು ಓಲಾಡುತ್ತದೆ.

ದೊಡ್ಡಪ್ಪನ ಪ್ರಶ್ನೆ ಎಲ್ಲಿಂದ ಬಂತೆಂಬುದು ನನಗೆ ಗೊತ್ತಿತ್ತು. ನನಗಾಗ ಎಂಟು ವರ್ಷ. ಮರುದಿನ ಜಾತ್ರೆ. "ಇನ್ನೊಂದು ಹೊರೆ ಹೇರಿ ದೊಡ್ಡಪ್ಪ, ನಾಳೆ ಬರೋದು ತಪ್ಪುತ್ತೆ" ಎಂದು ಕಬ್ಬಿನ ಗಾಡಿಯ ಮೇಲೆ ಕುಳಿತು ಹಟ ಹಿಡಿದೆ. ಕೆರೆ ಏರಿಯ ಇಳಿಜಾರಿನಲ್ಲಿ ಗಾಡಿ ಮುನ್ನುಗ್ಗಿತು. ಎಡಗಡೆಯ ಹಳ್ಳಿಕಾರ್ ಎತ್ತು ಮೊಣಕಾಲೂರಿ ಕುಸಿಯಿತು. ಮುಂಗಾಲು ಮುರಿದಿತ್ತು. ಆ ಎತ್ತು ಮತ್ತೆ ನೊಗಕ್ಕೆ ಬರಲಿಲ್ಲ. ದೊಡ್ಡಪ್ಪ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ.

ಗಾಡಿ ಎಳೆಯುವ ಪ್ರಾಣಿಗಳಿಗೂ ಹೊರೆಯ ಮಿತಿಯನ್ನು 1965ರ ನಿಯಮಗಳು ಗೊತ್ತುಮಾಡಿವೆ. ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಕೂಡದು ಎಂದಿವೆ. ವಾಹನಗಳಿಗೆ 1988ರ ಮೋಟಾರು ವಾಹನಗಳ ಕಾಯಿದೆಯಿದೆ. 2019ರ ತಿದ್ದುಪಡಿಯಂತೆ ಮಿತಿ ಮೀರಿದರೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ನೋಂದಣಿ ಪತ್ರದಲ್ಲಿ ಬರೆದಿರುವ ಒಟ್ಟು ತೂಕದಲ್ಲಿ ಬಂಡಿಯ ಸ್ವಂತ ಭಾರವೂ ಸೇರಿರುತ್ತದೆ. ನಾವು ಮಾತ್ರ ಸರಕನ್ನಷ್ಟೇ ಎಣಿಸುತ್ತೇವೆ.

ತಮ್ಮ ಹಿಂದಿನ ಟ್ರೈಲರನ್ನು ಕಳಚಿದ; ಉಳಿದುದರಿಂದಲೂ ಒಂದಷ್ಟು ಕಬ್ಬನ್ನು ಇಳಿಸಿದ. ಬಂಡಿ ಇಳಿಜಾರನ್ನು ದಾಟುವವರೆಗೂ ದೊಡ್ಡಪ್ಪ ಕೆರೆ ಏರಿಯ ಮೇಲೆ ನಿಂತಿದ್ದರು, ಪಕ್ಕದಲ್ಲಿ ನಾನು. ಇಷ್ಟು ವರ್ಷ ಗಂಟಲಲ್ಲಿದ್ದ ಮಾತು ಹೊರಬಂತು:

"ಅವತ್ತು ಇನ್ನೊಂದು ಹೊರೆ ಅಂದವನು ನಾನು, ದೊಡ್ಡಪ್ಪ."

ಅವರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು:

"ನೀನು ಮಗು. ಹೇರಿದವನು ನಾನಲ್ವೇನಪ್ಪ?"