ಮೂರು ಬೆರಳಿನ ಲೆಕ್ಕ

ಆಳಂದ, ಅಫಜಲಪುರ, ಜೇವರ್ಗಿ ಕಡೆ ಮಂದಿ ಹಲ್ಲಿನ ದವಾಖಾನಿಗೆ ಹೋಗೂದು ನೋವು ತಡ್ಕೊಳ್ಳಾಕ ಆಗದಾಗ ಮಾತ್ರ. ಅಲ್ಲೀತನಕ ಲವಂಗ, ಉಪ್ಪುನೀರು, ಮೆಡಿಕಲ್ ಅಂಗಡಿ ಗುಳಿಗಿ. ಈ ಮೂರು ತಾಲ್ಲೂಕಿನಿಂದ ಕಲಬುರಗಿಗೆ ಓದಲು ಬಂದ ನಾವೂ ಹಂಗೇ ಬೆಳೆದವರು. ಆದ್ರ ಬಾಯಿ, ದವಡೆಯ ಆಪರೇಷನ್ ಯಾವಾಗ ಬೇಕು ಅನ್ನೋದಕ್ಕ ನೋವು ಸರಿಯಾದ ಅಳತೆ ಅಲ್ಲ. ಇದು ನಮಗ ಗೊತ್ತಾಗಿದ್ದು ನಮ್ಮ ರೂಮಿನ ಗೆಳೆಯನಿಂದ.

ಅವನಿಗೆ ನೋವೇ ಇರಲಿಲ್ಲ. ಖಾರ ತಿಂದ್ರ ಬಾಯಿ ಉರೀತಿತ್ತು, ಊರಿಂದ ತಂದ ಶೇಂಗಾ ಹಿಂಡಿ ಮುಟ್ಟೋದು ಬಿಟ್ಟಿದ್ದ. ಒಂದಿನ ಪಾನಿಪುರಿ ಇಡೀದಾಗಿ ಅವನ ಬಾಯಾಗ ಹೋಗಲಿಲ್ಲ. ನಮ್ಮಲ್ಲೊಬ್ಬನ ಅಕ್ಕ ಬಿಡಿಎಸ್ ಓದ್ತಾರ. ಅವರು ಹೇಳಿದ್ರು: "ಮೂರು ಬೆರಳು ಜೋಡಿಸಿ, ಮ್ಯಾಲಿನ ಮತ್ತು ಕೆಳಗಿನ ಮುಂದಿನ ಹಲ್ಲಿನ ನಡುವೆ ಉದ್ದಕ್ಕ ಇಟ್ಟು ನೋಡ್ರಿ." ನಮ್ಮೆಲ್ಲರದೂ ಹೋದವು. ಅವನದು ಎರಡಕ್ಕೇ ನಿಂತಿತು. ಹೈಸ್ಕೂಲಿನಿಂದ ಸುಪಾರಿ ಪಾಕೀಟು ತಿಂತಿದ್ದ.

ಇದಕ್ಕ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರ. ಅಡಿಕೆಯೊಳಗಿನ ಅರೆಕೋಲಿನ್‌ನಂಥ ರಾಸಾಯನಿಕಗಳಿಂದ ಗಲ್ಲದ ಒಳಪದರದ ಕೆಳಗೆ ನಾರು ಬೆಳೆದು ಬಾಯಿ ಬಿಗೀತಾ ಹೋಗ್ತದ. ತಂಬಾಕು ಇಲ್ಲದಿದ್ದರೂ ಬರ್ತದ. ಕೆಲವರಿಗೆ ಮುಂದೆ ಕ್ಯಾನ್ಸರ್ ಆಗ್ತದ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಖಾ ನಿಷೇಧ ಆಯ್ತು. ಆಮೇಲೆ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಆದ್ವು, ಕೂಡಿಸೋ ಕೆಲಸ ತಿನ್ನೋವನದಾಯ್ತು. "ಇದು ಸಾದಾ ಸುಪಾರಿ, ಏನಾಗಲ್ಲ" ಅನ್ನೋ ಮಾತು ಸುಳ್ಳು.

ಹಂಗಾದ್ರ ಆಪರೇಷನ್ ಯಾವಾಗ? ಗೆಳೆಯನಿಗೆ ಡಾಕ್ಟರ್ ಈಗ ಬ್ಯಾಡ ಅಂದ್ರು. ಸುಪಾರಿ ಪೂರ್ತಿ ಬಿಡಬೇಕು, ದಿನಾ ಬಾಯಿ ತೆರೆಯೋ ವ್ಯಾಯಾಮ ಮಾಡಬೇಕು. ಬಾಯಿ ತೀರಾ ಮುಚ್ಚಿಕೊಂಡವರಿಗೆ ಮಾತ್ರ ಆ ನಾರು ಕತ್ತರಿಸ್ತಾರ. ಆಮೇಲೂ ವ್ಯಾಯಾಮ ಬಿಟ್ರ ಮತ್ತ ಬಿಗೀತದ.

ಬುದ್ಧಿಹಲ್ಲು ನಮ್ಮ ವಯಸ್ಸಿನ ತಕರಾರು. ಅಡ್ಡ ಬೆಳೆದು ಮೇಲಿಂದ ಮೇಲೆ ಬಾವು, ಕೀವು ಆದ್ರ, ಇಲ್ಲಾ ಪಕ್ಕದ ಹಲ್ಲು ಹುಳುಕಾದ್ರ ತೆಗೀತಾರ. ಸುಮ್ಮನಿರೋ ಬುದ್ಧಿಹಲ್ಲೆಲ್ಲಾ ತೆಗೆಸಬೇಕಂತಿಲ್ಲ. ಬೈಕಿನಿಂದ ಬಿದ್ದ ಮೇಲೆ ಹಲ್ಲುಗಳು ಮೊದಲಿನಂಗ ಕೂಡದಿದ್ದರೆ, ಕೆಳತುಟಿ ಜೋಮು ಹಿಡಿದಿದ್ದರೆ ದವಡೆ ಮುರಿದಿರಬಹುದು, ಅವತ್ತೇ ಹೋಗಬೇಕು. ಮುರಿದ ಎಲುಬನ್ನ ಟೈಟೇನಿಯಂ ಪ್ಲೇಟು, ಸ್ಕ್ರೂ ಹಾಕಿ ಕೂಡಿಸ್ತಾರ. ಇನ್ನು ಎರಡು ವಾರ ಕಳೆದರೂ ಮಾಯದ ಹುಣ್ಣು, ಬಾಯೊಳಗ ಬಿಳಿ ಇಲ್ಲಾ ಕೆಂಪು ಮಚ್ಚೆ, ಕುತ್ತಿಗೆಯಾಗ ಗಂಟು ಕಂಡ್ರ, ನೋವಿಲ್ಲದಿದ್ದರೂ ತೋರಿಸಬೇಕು. ಚೂರು ಮಾಂಸ ತೆಗೆದು ಪರೀಕ್ಷೆ ಮಾಡ್ತಾರ. ಕ್ಯಾನ್ಸರ್ ಬೇಗ ಸಿಕ್ಕರ ಸಣ್ಣ ಆಪರೇಷನ್ನಿನಾಗ ಮುಗೀಬಹುದು, ತಡ ಆದ್ರ ದವಡೆ ಎಲುಬೇ ಹೋಗಬಹುದು.

ದೂರದ ನೆಪ ಹೇಳಂಗಿಲ್ಲ. ಕಲಬುರಗಿಯಾಗ ಎಚ್‌ಕೆಇ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ಕಾಲೇಜು ಅದ, ಅಲ್-ಬದರ್ ದಂತ ಕಾಲೇಜು ಅದ, ಕ್ಯಾನ್ಸರಿಗೆ ಕಿದ್ವಾಯಿ ಘಟಕ ಅದ. ಬಿಪಿಎಲ್ ಕಾರ್ಡಿನ ಮನಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಸೌಲಭ್ಯ ಅದ, ಮೊದಲು ಸರ್ಕಾರಿ ದವಾಖಾನಿಯಾಗ ರೆಫರಲ್ ಚೀಟಿ ಕೇಳಬೇಕು. ತಂಬಾಕು ಬಿಡೋರಿಗೆ 1800-11-2356 ಅನ್ನೋ ಉಚಿತ ಸಹಾಯವಾಣಿ ಅದ.

ಈ ಸಲ ಹಬ್ಬಕ್ಕ ಊರಿಗೆ ಹೋದಾಗ ನಾವು ಕಾಕಾ, ಮಾಮಾ, ಕಟ್ಟೆ ಮ್ಯಾಲಿನ ದೋಸ್ತರು ಎಲ್ಲರಿಗೂ ಮೂರು ಬೆರಳು ಇಡಿಸೋದಂತ ಮಾತಾಡ್ಕೊಂಡೀವಿ. ಹೋಗದಿದ್ದರೆ ಅದೇ ರೋಗ ಅಂತಲ್ಲ, ಒಮ್ಮೆ ತೋರಿಸ್ಕೊಂಡು ಬರಬೇಕು ಅಷ್ಟೇ. ನೀವೂ ಇಟ್ಟು ನೋಡ್ರಿ. ಕೈ ತೊಳ್ಕೊಂಡು!